ವಾಡಿಗೆ ಬಂದ ಕಡಲುಗಳ್ಳನ ಡಬರಿ

ಇವು ನಾನು ಸುಮ್ಮನೆ ಕುಂತರೂ ತಾವಾಗಿ ನಡೆದುಬಂದು ಎದುರಿಗೆ ಕುಂದ್ರುವ ಪ್ರಸಂಗಗಳು. ನಾನಾಗಿ ಕರೆದದ್ದು ಭಾಳ ಕಮ್ಮಿ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. "ಕಡ್ಡಿ ಗೀರಿ ಹಚ್ಚಿ, ಹೊಗಿ ಎಲ್ಲಿಂದ ಬರ್ಲಿಕತ್ತದ ಅಂತ ಮಂದಿನ್ನ ಕೇಳೋರು ನೀವು" ಅನ್ನುತ್ತಾಳೆ. ಅವಳ ಮಾತು ಬಿಡಿ. ನಾನು ಈಗ ಹೇಳುವುದರಲ್ಲಿ ಮುಕ್ಕಾಲು ಪಾಲು ಖರೆ. ಉಳಿದ ಕಾಲು ಪಾಲು ಅದಕ್ಕಿಂತ ಚೊಲೋ ಐತಿ.

೧. ದನಿ ಸಿಕ್ಕ ಸಂಜೆ

ಎರಡು ಸಾವಿರದ ಇಸವಿಯ ಆಸುಪಾಸು ನಾನು ವಾಡಿಯಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದೆ. ಸ್ಟೇಷನ್ ಹಿಂದೆ ಒಂದು ಕೋಣೆ, ಮಾಳಿಗೆ ಮೇಲೆ ದೊಡ್ಡ ಡಿಶ್, ಮತ್ತು ಊರಿಗೆ ನನ್ನದೇ ಒಂದು ಲೋಕಲ್ ಚಾನಲ್. ಅದರಲ್ಲಿ ಮಂದಿಯ ಮದುವೆ ಕ್ಯಾಸೆಟ್ಟು ಹಾಕುತ್ತಿದ್ದೆ. ಮದುವೆಯಲ್ಲಿ ಊಟ ಸಿಗದವರು ಅದನ್ನು ನೋಡಿ ಮತ್ತೊಮ್ಮೆ ಸಿಟ್ಟಾಗುತ್ತಿದ್ದರು.

ಒಮ್ಮೆ ಹೈದರಾಬಾದಿನಿಂದ ಪರಿಚಯದವನೊಬ್ಬ ಮಕ್ಕಳ ಕಾರ್ಟೂನಿನ ಸಿಡಿಗಳ ಕಟ್ಟೊಂದನ್ನು ತಂದುಕೊಟ್ಟ. ಯಾವ ದೇಶದ್ದೋ, ಯಾವ ಭಾಷೆಯೋ, ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ಕಥೆ ತಿಳಿಯುತ್ತಿತ್ತು. ಒಕ್ಕಣ್ಣಿನ ಕಡಲುಗಳ್ಳ ಕಪ್ತಾನ ಒಬ್ಬ. ಅವನ ಬಂಟ ಒಬ್ಬ. ಬಂಟ ಗಿಡ್ಡ, ಹೊಟ್ಟೆ ಮುಂದೆ, ಮೈಮೇಲೆ ಪಟ್ಟಾಪಟ್ಟಿ ಅಂಗಿ, ಹಡಗಿನಲ್ಲಿ ಅಡಿಗೆ ಕೆಲಸ. ಟೊಪ್ಪಿಗೆ ಬದಲು ತಲೆ ಮೇಲೆ ಅಡಿಗೆಯ ಡಬರಿಯನ್ನೇ ಬೋರಲು ಹಾಕಿಕೊಂಡಿರುತ್ತಿದ್ದ. ಅವನಿಗೆ ನಾನೇ ಡಬರಿ ಅಂತ ಹೆಸರಿಟ್ಟೆ. ನಮ್ಮ ಕಡೆ ಸಮುದ್ರ ಅಂದರೆ ರಾವೂರದ ಕಲ್ಲಿನ ಖಣಿಯಲ್ಲಿ ಮಳೆನೀರು ನಿಂತದ್ದು. ಆದರೂ ಮಕ್ಕಳು ಮುಗಿಬಿದ್ದು ನೋಡಿದವು.

ಭಾಷೆ ತಿಳಿಯದ್ದಕ್ಕೆ ನಾನು ದಿನಾ ಸಂಜೆ ಐದೂವರೆಗೆ ಆ ಕಾರ್ಟೂನಿನ ದನಿ ಬಂದ್ ಮಾಡಿ, ಮೈಕ್ ಹಿಡಿದು, ಚಿತ್ರ ನೋಡುತ್ತಾ ನಮ್ಮ ಭಾಷೆಯಲ್ಲಿ ನಾನೇ ಮಾತಾಡತೊಡಗಿದೆ. ಕಪ್ತಾನನ ದನಿ ನನಗೆ ಸಲೀಸು; ಒದರಿದರೆ ಸಾಕು. ಡಬರಿಯದು ಕೂಡಲಿಲ್ಲ. ಸ್ಟೇಷನ್ನಿನ ಚಾದವನನ್ನು ಕೂಡಿಸಿದೆ; ಅವನು ಮೈಕ್ ಕಂಡ ಕೂಡಲೇ "ಪ್ರಯಾಣಿಕರ ಗಮನಕ್ಕೆ" ಅಂತ ಸುರು ಮಾಡಿದ.

ಹೀಗಿದ್ದಾಗ ಒಂದು ಸಂಜೆ ಹೈಸ್ಕೂಲಿನ ಲೆಕ್ಕದ ಮಾಸ್ತರರು ಬಾಗಿಲಲ್ಲಿ ಬಂದು ನಿಂತರು. ವೈಷ್ಣವರು, ಹಣೆಗೆ ಅಂಗಾರ ಅಕ್ಷತಿ, ದನಿ ಅಂದರೆ ಕಲ್ಲು ಒಡೆಯುವ ಮಷೀನು. ಅವರು ಕೆಮ್ಮಿದರೆ ಮೂರು ಕ್ಲಾಸು ದೂರದ ಹುಡುಗರೂ ಮಗ್ಗಿ ಹೇಳುತ್ತಿದ್ದರು. ಅವರ ಮನೆ ಟಿವಿಯಲ್ಲಿ ಚುಕ್ಕಿ ಬರುತ್ತವೆಂದು ಬೈಯಲು ಬಂದಿದ್ದರು. ನಾನು ಮೈಕ್ ಕೈಯಲ್ಲಿ ಹಿಡಿದು, ಸುಮ್ಮನಿರ್ರಿ ಅಂತ ಸನ್ನೆ ಮಾಡಿದೆ. ಅದೇ ಹೊತ್ತಿಗೆ ಪರದೆಯಲ್ಲಿ ಡಬರಿ ಕಾಲು ಜಾರಿ ಧಡಲ್ ಅಂತ ಸಮುದ್ರಕ್ಕೆ ಬಿದ್ದ. ಮಾಸ್ತರರ ಬಾಯಿಂದ ಒಂದು ದನಿ ಬಂತು ನೋಡಿ. ಸಣ್ಣ, ಚೂಪು, ಕೋಳಿಮರಿ ಜೋಕಾಲಿ ಆಡಿದಂಥದ್ದು:

"ಎಪ್ಪೋ ಕಪ್ತಾನ್ರ! ನೀರು ಭಾಳ ತಣ್ಣಗವ!"

ಇಡೀ ವಾಡಿ ನಕ್ಕಿತು. ಓಣಿಯಿಂದ ನಗು ಕೋಣೆಯ ಒಳಗೆ ಬಂತು. ಮಾಸ್ತರರು ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಸಿದರು. ಸಣ್ಣವರಿದ್ದಾಗ ನಾಟಕದ ಹುಚ್ಚು ಇತ್ತಂತೆ. ಅವರಪ್ಪ ಬಣ್ಣದ ಡಬ್ಬಿ ಒಯ್ದು ಭಾವಿಗೆ ಒಗೆದಿದ್ದರಂತೆ. ನಾನು ಮೈಕ್ ಬಂದ್ ಮಾಡಿ, ದಿನಾ ಬಂದು ಡಬರಿ ಆಗ್ರಿ ಅಂತ ಬೇಡಿಕೊಂಡೆ; ಕಾಲಿಗೆ ಬೀಳುವುದೊಂದು ಬಾಕಿ. ಆಗ ಬಿದ್ದೆ ಕೂಡ.

"ಬರ್ತೀನಿ" ಅಂದರು ಕೊನೆಗೆ. "ಆದ್ರ ಯಾರಿಗೂ ಗೊತ್ತಾಗಬಾರದು. ಗೊತ್ತಾದ್ರ ಒಂದು ಹುಡುಗನೂ ನನಗ ಅಂಜಂಗಿಲ್ಲ. ಅಂಜಿಕಿ ಹೋದ್ರ ನನ್ನ ಗಣಿತ ಹೋತು. ಮುಂದಿನ ವರ್ಷ ಹೆಡ್ ಮಾಸ್ತರ ಆಗೋದೂ ಹೋತು. ನನ್ನ ಮರ್ಯಾದಿ ನಿನ್ನ ಕೈಯಾಗದ ನೋಡಪಾ."

ಇಂಥ ಸಾಮಾನನ್ನು ನನ್ನಂಥವನ ಕೈಗೆ ಯಾರಾದರೂ ಕೊಡುತ್ತಾರೆಯೇ? ಕೊಟ್ಟರು.

ದಿನಾ ಸಂಜೆ ನನ್ನ ಕೋಣೆಗೆ ಯಾಕೆ ಬರುತ್ತಾರೆ ಎಂಬುದಕ್ಕೆ ಒಂದು ನೆವ ಬೇಕಾಯಿತು. ನನಗೆ ಲೆಕ್ಕದ ಟ್ಯೂಷನ್ ಹೇಳುತ್ತಾರೆಂದು ಊರಿಗೆಲ್ಲ ಹೇಳಿದೆವು. ನಾನು ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಆರು ಸಲ ಡುಮ್ಕಿ ಹೊಡೆದವನು. ಆಗ ನನಗೆ ವಯಸ್ಸು ಮೂವತ್ತೆಂಟು. ನಮ್ಮವ್ವ ಈ ಸುದ್ದಿ ಕೇಳಿ ಕಣ್ಣಲ್ಲಿ ನೀರು ತಂದಳು. "ಇಷ್ಟ್ ದಿನಕ್ಕರ ಬುದ್ಧಿ ಬಂತಲ್ಲೋ ತಮ್ಮಾ. ಈ ಸಲ ಪಾಸಾಗು, ಮುಂದ ಕಾಲೇಜ್ ಕಲಸ್ತೀನಿ."

೨. ನಾಲ್ಕು ಊರಿನ ಸೂಟಿ

ವಾಡಿಯಲ್ಲಿ ನಮ್ಮದು ನೇರ ಪ್ರಸಾರ. ಬೇರೆ ಊರಿನ ಕೇಬಲ್ ಮಂದಿಯೂ ಡಬರಿ ಬೇಕೆಂದು ಗಂಟುಬಿದ್ದರು. ಆದ್ದರಿಂದ ನಾವು ಮಾತಾಡಿದ್ದನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿ ಪ್ಯಾಸೆಂಜರ್ ಗಾಡಿಗೆ ಕೊಡುತ್ತಿದ್ದೆ. ಮರುದಿನ ಅದು ಚಿತ್ತಾಪುರದಲ್ಲಿ ಓಡುವುದು, ಅದರ ಮರುದಿನ ಸೇಡಂನಲ್ಲಿ, ಅಲ್ಲಿಂದ ಬಸ್ಸು ಹತ್ತಿ ಮೂರನೆಯ ದಿನ ಚಿಂಚೋಳಿಯಲ್ಲಿ. ಒಂದೇ ಕ್ಯಾಸೆಟ್ಟು, ನಾಲ್ಕು ಊರು, ನಾಲ್ಕು ಸಂಜೆ. ವಾಡಿಯಲ್ಲಿ ಡಬರಿ ಸೀನಿದರೆ ಚಿಂಚೋಳಿಯ ಮಕ್ಕಳು ಮೂರು ದಿನ ಬಿಟ್ಟು ನಗುತ್ತಿದ್ದವು.

ಒಂದು ಮಳೆಗಾಲ ಮಾಸ್ತರರ ಶಾಲೆಯ ಮಾಳಿಗೆ ಸೋರಿತು. ನಾಳೆ ಸೂಟಿ ಅಂತ ಹೆಡ್ ಮಾಸ್ತರರು ಸಂಜೆ ಐದಕ್ಕೆ ತೀರ್ಮಾನ ಮಾಡಿದರು. ಅಷ್ಟರಲ್ಲಿ ಮಕ್ಕಳು ಮನೆ ಸೇರಿದ್ದವು. ಪಾಪ, ನೆನೆದುಕೊಂಡು ಬಂದು ತಿರುಗಿ ಹೋಗುತ್ತವಲ್ಲ ಅಂತ ಮಾಸ್ತರರ ಕರುಳು ಚುರ್ ಅಂತು. ಅವತ್ತು ಡಬರಿ ಹಡಗಿನ ಕಂಬ ಹತ್ತಿ ನಿಂತಾಗ ಒದರಿದರು:

"ನಾಳೆ ಸಾಲಿ ಸೂಟಿ! ಯಾರೂ ಹೋಗಬ್ಯಾಡ್ರಿ! ಹೋದವರ್ನ ಹಿಡದು ಮೊಸಳಿಗೆ ಹಾಕ್ತೀವಿ!"

ಮರುದಿನ ವಾಡಿಯಲ್ಲಿ ಒಂದು ಮಗುವೂ ನೆನೆಯಲಿಲ್ಲ. ಮಾಸ್ತರರಿಗೆ ಸಮಾಧಾನ. ನನಗೂ ಸಮಾಧಾನ. ಕ್ಯಾಸೆಟ್ಟು ಮಾತ್ರ ಎಂದಿನಂತೆ ಗಾಡಿ ಹತ್ತಿತ್ತು.

ಅದು ಹೋದ ಊರಲ್ಲೆಲ್ಲ ಮರುದಿನ ಬೆಂಚು ಖಾಲಿ. ಮೊದಲು ಚಿತ್ತಾಪುರ. ಆಮೇಲೆ ಸೇಡಂ. ಸೇಡಂನಲ್ಲಿ ಚೊಕ್ಕ ಬಿಸಿಲು. ಮಾಸ್ತರರೆಲ್ಲ ಕೈಯಲ್ಲಿ ಸೀಮೆಸುಣ್ಣ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರಂತೆ. ಅಪ್ಪಂದಿರು ಬಡಿಗೆ ಹಿಡಿದರೂ ಮಕ್ಕಳು, "ನೀ ಹೊಡದ್ರ ಒಂದು ದಿನ ಉರೀತದ, ಮೊಸಳಿ ಪೂರಾ ನುಂಗ್ತದ" ಅಂದವಂತೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ಒಂದು ದಿನ ರಜೆ ಹಾಕದ ಮಾಸ್ತರರು ನಾಲ್ಕು ಊರಿನ ಶಾಲೆ ಬಂದ್ ಮಾಡಿಸಿದ್ದರು. ಅವರು ನನ್ನ ಕೋಣೆಯಲ್ಲಿ ಶತಪಥ ಹಾಕುತ್ತಿದ್ದಾಗಲೇ ಚಿಂಚೋಳಿಯ ಕೇಬಲ್‌ನವನ ಫೋನು ಬಂತು. ನಾನು ಅಂಜುತ್ತಲೇ ಎತ್ತಿದೆ.

"ಅಣ್ಣಾ, ನಮ್ಮ ಊರಾಗಿನ ಹೆಡ್ ಮಾಸ್ತರ್ರು ಇಲ್ಲೇ ಬಂದು ಕುಂತಾರ" ಅಂದ.

"ಬೈಲಿಕತ್ತಾರೇನೋ?"

"ಇಲ್ಲಣ್ಣಾ. ಬರೋ ಸೋಮವಾರ ಅವರ ಮನಿಗಿ ಬೀಗರು ಬರೋರದಾರಂತ. ಅವತ್ತಿಂದೂ ಒಂದು ಸೂಟಿ ಡಬರಿ ಕೈಲೆ ಹೇಳಸ್ರಿ ಅಂತ ಕೇಳ್ಲಿಕತ್ತಾರ."

೩. ಹಡಗಿನಲ್ಲಿ ಏಕಾದಶಿ

ಒಂದು ಸಂಜೆ, ಕಪ್ತಾನ "ಊಟ ತಾರೋ" ಅಂತ ಡಬರಿಗೆ ಗದರಿಸುವಾಗ ಸರಿಯಾಗಿ ಕರೆಂಟ್ ಹೋಯಿತು. ನಮ್ಮ ಕೋಣೆಯ ಟಿವಿ, ಸಿಡಿ ಪೆಟ್ಟಿಗೆ ಎರಡೂ ನಿಂತವು. ಮೈಕ್ ಮತ್ತು ಕೇಬಲ್ಲಿಗೆ ದನಿ ಕಳಿಸುವ ಪೆಟ್ಟಿಗೆ ಮಾತ್ರ ಬ್ಯಾಟರಿ ಮೇಲಿದ್ದವು. ಫ್ಯಾಕ್ಟರಿ ಕಡೆಯ ಲೈನಿಗೆ ಕರೆಂಟ್ ಇತ್ತು. ಆ ಕಡೆಯ ಮನೆಗಳ ಟಿವಿಯಲ್ಲಿ ಬರೀ ನೀಲಿ ಪರದೆ. ಮಾಸ್ತರರ ಮನೆಯೂ ಆ ಲೈನಿಗೇ.

"ಮಾತಾಡ್ರಿ, ಇಲ್ಲಂದ್ರ ಮಂದಿ ಚಾನಲ್ ತಿರವ್ತಾರ" ಅಂತ ನಾನು ಮಾಸ್ತರರ ಪಕ್ಕೆಗೆ ತಿವಿದೆ. ಚಿತ್ರವಿಲ್ಲ, ಕಥೆಯಿಲ್ಲ. ಮಾಸ್ತರರು ಏನೂ ಹೊಳೆಯದೆ ಬಾಯಿಗೆ ಬಂದದ್ದು ಹೇಳಿದರು:

"ಊಟ ಎಲ್ಲಿಂದ ತರ್ಲಿ ಕಪ್ತಾನ್ರ? ಇವತ್ತು ಏಕಾದಶಿ. ಹಡಗದಾಗ ಒಲಿ ಹಚ್ಚಂಗಿಲ್ಲ."

ಜಗತ್ತಿನಲ್ಲಿ ಏಕಾದಶಿ ಮಾಡಿದ ಮೊದಲ ಕಡಲುಗಳ್ಳ ಅವನೇ ಇರಬೇಕು. ನಾನು ಕಪ್ತಾನನ ದನಿಯಲ್ಲಿ, "ಹಂಗಾರ ನಾಳೆ ಏನ್ ಮಾಡ್ತಿ, ಹೇಳು" ಅಂದೆ. ಮಾಸ್ತರರು ಎಣ್ಣಿಗಾಯಿ ಸುರು ಮಾಡಿದರು. ಎಳೆ ಬದನೆಕಾಯಿಯನ್ನು ತುಂಬು ಬಿಡಿಸದೆ ನಾಲ್ಕಾಗಿ ಸೀಳುವುದು, ಗುರೆಳ್ಳು ಹುರಿಯುವುದು, ಹುಣಸೆಹುಳಿ, ಬೆಲ್ಲ. ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟಂಗಿಲ್ಲ, ಮುಟ್ಟಿದವರನ್ನು ಸಮುದ್ರಕ್ಕೆ ಒಗೆಯುವುದು. ಹದಿನೈದು ಮಿನಿಟು. ಅಷ್ಟು ಹೊತ್ತೂ ಮಂದಿ ನೀಲಿ ಪರದೆ ನೋಡುತ್ತ ಜೊಲ್ಲು ನುಂಗಿದರು.

ಮರುದಿನ ಮಾಸ್ತರರು ಬಂದದ್ದು ಮುಖ ಸಣ್ಣದು ಮಾಡಿಕೊಂಡು. ನಾನು ಹೆದರಿದೆ. "ಮನ್ಯಾಗ ಗುರ್ತ ಸಿಕ್ತೇನ್ರಿ?"

"ಸಿಕ್ಕಿದ್ರ ಪಾಡಿತ್ತು" ಅಂದರು. "ಇವತ್ತು ಮುಂಜಾನೆ ದ್ವಾದಶಿ ಪಾರಣಿಗೆ ಎಲಿ ಮುಂದ ಕುಂತಾಗ ನಮ್ಮಾಕಿ ಏನಂದ್ಲು ಗೊತ್ತದ ಏನು? 'ಎಂಥಾ ಸಂಸ್ಕಾರವಂತ ಕಳ್ಳ ನೋಡ್ರಿ! ಏಕಾದಶಿ ಮಾಡ್ತಾನ, ಅಡಿಗಿ ಮಾಡ್ತಾನ, ಗುರೆಳ್ಳು ಎಷ್ಟು ಹುರೀಬೇಕು ಅನ್ನೋದೂ ಗೊತ್ತದ. ನೀವೂ ಅದೀರಿ, ನೀರು ತಗೋರಿ ಅಂದ್ರ ತಂಬಿಗಿ ಎಲ್ಲದ ಅಂತೀರಿ. ಅವನ ಕಟ್ಗೊಂಡಾಕಿ ಪುಣ್ಯಾ ಮಾಡಿರಬೇಕು' ಅಂದ್ಲು."

೪. ಗಾದಿ ಬಟ್ಟೆಯ ಸೇನೆ

ಡಬರಿಯ ಹುಚ್ಚು ಏರಿದ ಮೇಲೆ ಶಹಾಬಾದಿನ ನನ್ನ ದೋಸ್ತ ಒಬ್ಬ ಟೇಲರ್ ಫೋನ್ ಮಾಡಿದ. "ಭಾಯಿ, ಯೇ ಕ್ಯಾ ಮುಸೀಬತ್ ಹಚ್ಚೀರಿ? ವಾಡಿಯಿಂದ ಎಲ್ಲಾ ಅಮ್ಮಂದ್ರು ಬಂದು ಡಬರಿ ಅಂಗಿ ಹೊಲೀರಿ ಅಂತಾರ. ಪಟ್ಟಾಪಟ್ಟಿ ಬಟ್ಟಿ ಖತಂ ಆಗ್ಯಾದ."

ವಾಡಿಯಲ್ಲಿ ಮಕ್ಕಳ ವೇಷದ ಸ್ಪರ್ಧೆ ಇತ್ತು. ಅದಕ್ಕೆ ಈ ಗಡಿಬಿಡಿ. "ಗಾದಿಗೆ ಹಾಕ್ತಾರಲ್ಲ, ಆ ಪಟ್ಟಿ ಬಟ್ಟಿ ಅದ ಇಲ್ಲ?" ಅಂತ ನಾನೇ ಉಪಾಯ ಕೊಟ್ಟೆ. ಆ ತಿಂಗಳು ಶಹಾಬಾದಿನಲ್ಲಿ ಮದುವೆಯಾದವರಿಗೆ ಹೊಸ ಗಾದಿ ಸಿಗಲಿಲ್ಲವೆಂದು ಕೇಳಿದ್ದೇನೆ. ಖರೆಯೋ ಸುಳ್ಳೋ, ನಾನಂತೂ ಎಲ್ಲರಿಗೂ ಹೇಳಿದ್ದೇನೆ.

ಸ್ಪರ್ಧೆಯ ದಿನ ವೇದಿಕೆ ಮೇಲೆ ಇಪ್ಪತ್ಮೂರು ಮಕ್ಕಳು, ಎಲ್ಲವೂ ಡಬರಿ. ತಲೆ ಮೇಲೆ ಮನೆಮನೆಯ ಡಬರಿಗಳು. ಒಂದರಿಂದ ಇನ್ನೂ ಸಾರು ಸೋರುತ್ತಿತ್ತು. ಇಪ್ಪತ್ನಾಲ್ಕನೆಯ ಮಗು ಒಂದೇ ಬೇರೆ: ಮೈತುಂಬ ಬೇವಿನ ತೊಪ್ಪಲು ಕಟ್ಟಿಕೊಂಡು ಗಿಡವಾಗಿ ಬಂದಿತ್ತು. ತೀರ್ಪು ಕೊಡುವವರು ಯಾರು? ಊರಿನಲ್ಲಿ ಎಲ್ಲರಿಗಿಂತ ಬಿಗಿ ಮನುಷ್ಯ, ನಮ್ಮ ಲೆಕ್ಕದ ಮಾಸ್ತರರು. ಅವರ ಹೆಸರು ಕಮಿಟಿಗೆ ಹೇಳಿದ್ದು ನಾನಲ್ಲ ಅಂತ ಎಷ್ಟು ಸಲ ಹೇಳಿದರೂ ಅವರು ನಂಬಲಿಲ್ಲ. ಹೇಳಿದ್ದು ನಾನೇ.

ಒಂದೊಂದೇ ಮಗು ಮುಂದೆ ಬಂದು "ಎಪ್ಪೋ ಕಪ್ತಾನ್ರ!" ಅನ್ನುವುದು. ಮಾಸ್ತರರು ಕುರ್ಚಿಯಲ್ಲಿ ಕುದಿಯತೊಡಗಿದರು. ಒಂದರದ್ದು "ಎಪ್ಪೋ" ಗಿಡ್ಡ, ಇನ್ನೊಂದರ ದನಿ ಮೂಗಿನಿಂದ, ಮತ್ತೊಂದು ಒದರಿ ನಗುತ್ತಿತ್ತು. ತಾನೇ ಎದ್ದು ಮಾಡಿ ತೋರಿಸಲು ಅವರ ಗಂಟಲು ತುರಿಸುತ್ತಿತ್ತು. ಮಾಡಿದರೆ ಮರ್ಯಾದೆ ಹೋಯಿತು. ಎರಡು ಕೈಯಿಂದ ತಮ್ಮ ಬಾಯಿ ಹಿಡಿದು ಕುಂತರು. ಎಲ್ಲಾ ಮುಗಿದ ಮೇಲೆ ಮೊದಲನೆಯ ಬಹುಮಾನ ಬೇವಿನಗಿಡಕ್ಕೆ ಕೊಟ್ಟರು. ಇಪ್ಪತ್ಮೂರು ಅಮ್ಮಂದಿರು ಮುತ್ತಿಗೆ ಹಾಕಿದರು: "ಯಾಕ್ರೀ ಮಾಸ್ತರ್ರ? ಅದು ಏನ್ ಮಾಡ್ತು? ಸುಮ್ನ ನಿಂತಿತ್ತು!"

"ಅದಕ್ಕ" ಅಂದರು ಮಾಸ್ತರರು. "ಅದೊಂದೇ ಡಬರಿ ದನಿ ಕೆಡಸಲಿಲ್ಲ."

೫. ಸೀಮೆಸುಣ್ಣದ ಡಬ್ಬಿ

ಹೆಡ್ ಮಾಸ್ತರಿಕೆಯ ಮಾತು ಹತ್ತಿರ ಬಂತು. ಬಿ.ಇ.ಓ. ಸಾಹೇಬರು ಚಿತ್ತಾಪುರದಿಂದ ಬಂದು ಮಾಸ್ತರರ ಪಾಠ ಕುಂತು ನೋಡಿ ಷರಾ ಬರೆಯಬೇಕು. ಅದು ಚೊಲೋ ಆದರೆ ಕುರ್ಚಿ ಸಿಕ್ಕಂತೆ. ಎರಡು ವಾರದಿಂದ ಮಾಸ್ತರರಿಗೆ ನಿದ್ದೆ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಒಂದು ವರ್ಷ ದಿನಾ ಡಬರಿಯಾಗಿ ಮಾತಾಡಿ ಆ ದನಿ ಅವರ ಗಂಟಲಲ್ಲಿ ಬಾಡಿಗೆಗೆ ಬಂದು ಕುಂತಿತ್ತು. ಗಾಬರಿಯಾದರೆ ತಂತಾನೇ ಹೊರಗೆ ಬರುತ್ತಿತ್ತು. ಬಚ್ಚಲಲ್ಲಿ ಬಿಸಿನೀರು ಸುಟ್ಟಾಗ ಒಮ್ಮೆ ಬಂದು, ಟಿವಿ ಹಚ್ಚೇ ಇಟ್ಟೇನೇನು ಅಂತ ಅವರ ಹೆಂಡತಿ ಓಡಿಬಂದಿದ್ದಳು.

ಇದೆಲ್ಲ ಗೊತ್ತಿದ್ದೂ ಆ ದಿನ ಬೆಳಿಗ್ಗೆ ನಾನು ಅವರ ಕ್ಲಾಸಿನ ಸೀಮೆಸುಣ್ಣದ ಡಬ್ಬಿಯಲ್ಲಿ ಒಂದು ರಬ್ಬರಿನ ಹಲ್ಲಿ ಇಟ್ಟೆ. ಇನ್ಸ್ಪೆಕ್ಷನ್ ಅದೇ ದಿನ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಇಷ್ಟು ಬೇಗ ಡಬ್ಬಿ ತೆಗೆಯುತ್ತಾರೆಂದು ಗೊತ್ತಿರಲಿಲ್ಲ.

ನಾನು ಕಿಟಕಿಯ ಹೊರಗಿನ ಕಂಬ ಹತ್ತಿ, ಕೇಬಲ್ ಬಿಗಿಯುವ ನೆವದಲ್ಲಿ ಒಳಗೆ ನೋಡುತ್ತಿದ್ದೆ. ಒಂಬತ್ತನೆಯ ಕ್ಲಾಸು, ನಲವತ್ತೆರಡು ಮಕ್ಕಳು, ಪಿಟಕ್ ಅನ್ನುತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಬಿ.ಇ.ಓ. ಸಾಹೇಬರು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಾರೆ. ಮಾಸ್ತರರು ಬೋರ್ಡಿನ ಮೇಲೆ ಸಾಲು ಸಾಲು ಲೆಕ್ಕ ಹಾಕಿ, ಸುಣ್ಣದ ತುಂಡು ಮುಗಿದು, ನೋಡದೆಯೇ ಡಬ್ಬಿಗೆ ಕೈ ಹಾಕಿದರು. ಕೈಗೆ ಮೆತ್ತಗೆ ಹತ್ತಿದ್ದನ್ನು ಎತ್ತಿ ಕಣ್ಣ ಮುಂದೆ ಹಿಡಿದರು.

"ಎಪ್ಪೋ ಕಪ್ತಾನ್ರ! ಸತ್ತೆ!"

ಕಂಬದ ಮೇಲೆ ನನ್ನ ಕೈಯಲ್ಲಿದ್ದ ತಂತಿ ಹಿಡಿಯುವ ಪಕ್ಕಡ್ ಕೆಳಗೆ ಬಿತ್ತು. ಸಾಹೇಬರು ತಲೆ ಎತ್ತಿದರು. ಮಾಸ್ತರರು ಬೋರ್ಡಿಗೆ ಮುಖ ಹಚ್ಚಿ ನಿಂತುಬಿಟ್ಟಿದ್ದರು, ಕಿವಿ ಕೆಂಪಗೆ. ಒಂದು ಮಗು ನಕ್ಕಿದ್ದರೂ ಮುಗಿದಿತ್ತು. ಯಾರೂ ನಗಲಿಲ್ಲ.

"ಯಾರು ಒದರಿದ್ದು?" ಅಂದರು ಸಾಹೇಬರು.

ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದಳು. ಹಿಂದಿನ ವಾರವಷ್ಟೇ ಮಾಸ್ತರರು ಮನೆಲೆಕ್ಕ ತಪ್ಪಿದ್ದಕ್ಕೆ ಇವಳನ್ನು ಒಂದು ತಾಸು ನಿಲ್ಲಿಸಿದ್ದರು. "ನಾನ್ರೀ ಸರ."

"ಆಕಿ ಅಲ್ರೀ ಸರ, ನಾನು" ಅಂತ ಕಿಟಕಿ ಕಡೆಯ ಹುಡುಗ ಎದ್ದ. "ಇಬ್ರೂ ಸುಳ್ಳ ಹೇಳ್ಲಿಕತ್ತಾರ್ರಿ, ನಾನ್ರೀ" ಅಂತ ಇನ್ನೊಬ್ಬ. ನೋಡನೋಡುವುದರಲ್ಲಿ ನಲವತ್ತೆರಡೂ ಎದ್ದು ನಿಂತವು. ಆ ದಿನ ಗೈರುಹಾಜರಿದ್ದವನ ಪರವಾಗಿಯೂ ಒಬ್ಬ ಕೈ ಎತ್ತಿದ.

ಸಾಹೇಬರು ಖಡಕ್ ಮನುಷ್ಯ. "ಹೌದಾ? ಹಂಗಾರ ಒಬ್ಬೊಬ್ಬರೇ ಒದರ್ರಿ. ನಾ ಗುರ್ತ ಹಿಡೀತೀನಿ" ಅಂದರು.

ಒಬ್ಬೊಬ್ಬರೇ ಒದರಿದರು. ಏನು ಹೇಳಲಿ, ಒಂದಕ್ಕಿಂತ ಒಂದು ಅಪ್ಪಟ ಡಬರಿ. ಸಾಹೇಬರು ಇಪ್ಪತ್ತನೆಯವನ ತನಕ ಮೀಸೆ ಕಚ್ಚಿ ಹಿಡಿದರು. ಇಪ್ಪತ್ತೊಂದನೆಯದಕ್ಕೆ ಕೈವಸ್ತ್ರ ಬಾಯಿಗೆ ತುರುಕಿಕೊಂಡರು. ಮೂವತ್ತರ ನಂತರ ಅವರ ಭುಜ ಮಾತ್ರ ಕುಣಿಯುತ್ತಿತ್ತು. ಕೊನೆಗೆ ಎದ್ದು, ಷರಾ ಬರೆದು, ಮಾಸ್ತರರ ಕೈಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಜೀಪಿನ ಕಡೆ ಓಡಿದರು. ಅದರಲ್ಲಿ ಬರೆದಿತ್ತು: "ಬೋಧನೆ ಉತ್ತಮ. ತರಗತಿಯಲ್ಲಿ ಶಿಸ್ತು ಸಾಲದು, ಒಗ್ಗಟ್ಟು ಅತಿಯಾಗಿದೆ. ಹೆಡ್ ಮಾಸ್ತರ ಹುದ್ದೆಗೆ ಯೋಗ್ಯರು."

ಜೀಪಿನ ಸಪ್ಪಳ ದೂರವಾದ ಮೇಲೆ ಮಾಸ್ತರರು ನಿಧಾನಕ್ಕೆ ಮಕ್ಕಳ ಕಡೆ ತಿರುಗಿದರು. ಕಲ್ಲು ಒಡೆಯುವ ಮಷೀನು ಪೂರಾ ನಿಂತುಹೋಗಿತ್ತು.

"ನಿಮಗ ಗೊತ್ತಿತ್ತೇನು?"

"ಮೊದಲನೇ ವಾರದಿಂದ ಗೊತ್ತದರಿ ಸರ" ಅಂದಳು ಆ ಹುಡುಗಿ.

"ಹಂಗಾರ ನನಗ ಅಂಜಿಕಿ ಇಲ್ಲೇನು ನಿಮಗ?"

"ಹಂಗೆಂಗ್ರಿ? ಅಂಜ್ತೀವ್ರಿ ಸರ. ಸಾಲಿ ಬಿಡೋ ತನಕ ಭಾಳ ಅಂಜ್ತೀವಿ."

ಮಾಸ್ತರರು ಹಲ್ಲಿಯನ್ನು ಕೈಯಲ್ಲೇ ಹಿಡಿದು ಕುರ್ಚಿಯಲ್ಲಿ ಕುಂತರು. ಗಂಟಲು ಸರಿ ಮಾಡಿಕೊಂಡು ಕೇಳಿದರು: "ದನಿ ಪೂರಾ ಬದಲ ಮಾಡಿದ್ನಲ್ಲ. ನಮ್ಮ ಮನ್ಯಾಗ ಗುರ್ತ ಸಿಗಲಿಲ್ಲ. ನೀವು ಹೆಂಗ ಹಿಡದ್ರಿ?"

ನಲವತ್ತೆರಡು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ಕೈಕಟ್ಟಿ ನಿಂತು, ಭಾಳ ಮರ್ಯಾದೆಯಿಂದ ಹೇಳಿದಳು:

"ಸರ, ಕಪ್ತಾನ ಕತ್ತಿ ಹಿರಿದು, ನಿಧಿ ಪಾಲು ಮಾಡ್ತೀನಿ ಅಂದಾಗ, 'ಹಂತ ಬಿಡಬ್ಯಾಡ್ರಿ ಕಪ್ತಾನ್ರ, ಬರೇ ಉತ್ತರಕ್ಕ ಮಾರ್ಕ್ಸ್ ಇಲ್ಲ' ಅನ್ನೋ ಕಳ್ಳ ಬ್ಯಾರೆ ಯಾರರ ಇರ್ತಾರೇನ್ರಿ?"